ಬೆಳೆಗಾರರೇ ಕಟ್ಟಿದ ಕೈಗಾರಿಕೆ: ಪುತ್ತೂರು, ಸುಳ್ಯ, ಕಡಬದ ಕಥೆ

ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನದ ಹಿಂಬದಿಗೆ ದೊಡ್ಡದೊಂದು ಕೆರೆಯಿದೆ. ಎಷ್ಟು ತೋಡಿದರೂ ನೀರು ಬಾರದಿದ್ದಾಗ ಅದರ ತಳದಲ್ಲೇ ಎಲೆ ಹಾಕಿ ಊಟ ಬಡಿಸಿದರಂತೆ. ಉಣ್ಣುತ್ತಿದ್ದಂತೆ ನೀರು ಉಕ್ಕಿತು, ಎಲೆಯಲ್ಲಿ ಉಳಿದ ಅಗುಳೆಲ್ಲ ಮುತ್ತಾಯಿತು ಎಂದು ಇಲ್ಲಿನ ಅಜ್ಜಿಯರು ಮಕ್ಕಳಿಗೆ ಕಥೆ ಹೇಳುತ್ತಾರೆ. ಏಪ್ರಿಲ್ 10ಕ್ಕೆ ಕೊಡಿ ಏರಿದರೆ ಹತ್ತು ದಿನ ಜಾತ್ರೆ, 17ರಂದು ಬ್ರಹ್ಮರಥೋತ್ಸವ. ಸುಳ್ಯ, ಕಡಬ, ವಿಟ್ಲ, ಕಾಸರಗೋಡಿನ ಕಡೆಯಿಂದ ಬಂದ ಜನರಿಂದ ದೇವರಮಾರು ಗದ್ದೆ ತುಂಬಿಹೋಗುತ್ತದೆ. ಅಂಗಳದಲ್ಲಿ ಹರಡಿದ ಅಡಿಕೆ ಒಣಗಿ, ಸುಲಿದು, ಮಾರಾಟವಾಗಿ ಕೈಗೆ ನಾಲ್ಕು ಕಾಸು ಬರುವುದೂ ಅದೇ ಹೊತ್ತಿಗೆ. ಈ ಊರಿನ ದೇವರು, ಪೇಟೆ, ಶಾಲೆ, ಮದುವೆ, ಸಾಲ ಎಲ್ಲವೂ ಅಡಿಕೆಯ ಕೊಯ್ಲಿಗೆ ಹೊಂದಿಕೊಂಡೇ ನಡೆಯುತ್ತವೆ.

ಕೈಗಾರಿಕೆ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಹೊಗೆ ಕೊಳವೆ, ಹೊರಗಿನ ಬಂಡವಾಳ, ಸೈರನ್ ಕೂಗಿದಾಗ ಗೇಟಿನಿಂದ ಹೊರಬರುವ ಸಾವಿರಾರು ಜನ. ಪುತ್ತೂರು, ಸುಳ್ಯ, ಕಡಬಗಳಲ್ಲಿ ಹಾಗಾಗಲಿಲ್ಲ. ಇಲ್ಲಿ ಕಾರ್ಖಾನೆ ಕಟ್ಟಿದವರು ತೋಟದವರು. ಬೆಲೆ ಬಿದ್ದಾಗ, ಕೊಳ್ಳುವವರು ಬೆನ್ನು ತಿರುಗಿಸಿದಾಗ, ಬೇರೆ ದಾರಿಯಿಲ್ಲದೆ ಕಟ್ಟಿದ್ದು ಅದು. ಕರ್ನಾಟಕದ ಕೈಗಾರಿಕೆಯ ಚರಿತ್ರೆ ಬರೆಯುವವರು ಭದ್ರಾವತಿಗೆ, ಕೋಲಾರಕ್ಕೆ, ಬೆಂಗಳೂರಿಗೆ ಪುಟಗಟ್ಟಲೆ ಜಾಗ ಕೊಡುತ್ತಾರೆ. ಪುತ್ತೂರಿಗೂ ಅದರಲ್ಲಿ ಒಂದು ಅಧ್ಯಾಯ ಸಲ್ಲಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಥೆ ನಗದು ಹಣದಿಂದ ಶುರುವಾಗುತ್ತದೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ನುಂಗಿದ ಮೇಲೆ, ಅದುವರೆಗೆ ಕೊಡಗಿನ ಅರಸರ ಕೈಯಲ್ಲಿದ್ದ ಅಮರ ಸುಳ್ಯ ಮತ್ತು ಪುತ್ತೂರಿನ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆದ ಧಾನ್ಯದಲ್ಲೇ ತೀರಿಸುತ್ತಿದ್ದ ಕಂದಾಯವನ್ನು ಇನ್ನು ಮುಂದೆ ನಾಣ್ಯದಲ್ಲೇ ಕಟ್ಟಬೇಕೆಂದು ಕಟ್ಟಳೆಯಾಯಿತು. ಗುಡ್ಡಗಾಡಿನ ರೈತನ ಮನೆಯಲ್ಲಿ ನಾಣ್ಯ ಎಲ್ಲಿತ್ತು? 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡ, ಕಲ್ಯಾಣಸ್ವಾಮಿ ಮೊದಲಾದವರ ಮುಂದಾಳುತನದಲ್ಲಿ ಎದ್ದ ರೈತರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡರು. ಪುತ್ತೂರು, ಪಾಣೆಮಂಗಳೂರು ದಾಟಿ ಏಪ್ರಿಲ್ 5ರಂದು ಮಂಗಳೂರನ್ನೇ ಹಿಡಿದರು. ಬಾವುಟಗುಡ್ಡೆಯಲ್ಲಿ ಹದಿಮೂರು ದಿನ ಅವರ ಬಾವುಟ ಹಾರಿತು. ಆಮೇಲೆ ಸೈನ್ಯ ಬಂತು, ಗಲ್ಲುಗಳಾದವು. ಬ್ರಿಟಿಷರ ಬಾಯಲ್ಲಿ 'ಕಲ್ಯಾಣಪ್ಪನ ಕಾಟಕಾಯಿ' ಎನಿಸಿಕೊಂಡ ಈ ದಂಗೆಯನ್ನು ನಾವು ಈಗ ಸ್ವಾತಂತ್ರ್ಯ ಸಮರವೆಂದು ಸರಿಯಾಗಿಯೇ ನೆನೆಯುತ್ತೇವೆ. ಅದರ ಬುಡದಲ್ಲಿದ್ದ ಆರ್ಥಿಕ ಪ್ರಶ್ನೆಯನ್ನು ಮಾತ್ರ ಮರೆಯುತ್ತೇವೆ. ನಗದು ಕೊಡುವ ಬೆಳೆಯಿದ್ದವನಷ್ಟೇ ಉಳಿಯುವ ಕಾಲ ಅಲ್ಲಿಂದ ಶುರುವಾಯಿತು. ಕಣಿವೆಯ ಬುಡದಲ್ಲಿ ನೀರಿನ ಪಸೆ ಇದ್ದಲ್ಲೆಲ್ಲ ಅಡಿಕೆ ಏರುತ್ತ ಹೋದದ್ದಕ್ಕೆ ಇದೂ ಒಂದು ಕಾರಣ.

ನಗದು ಬೆಳೆಯ ಬೆನ್ನಿಗೇ ಸಾಲ ಬರುತ್ತದೆ. ಅಡಿಕೆಯ ಫಸಲು ವರ್ಷಕ್ಕೊಮ್ಮೆ, ಖರ್ಚು ತಿಂಗಳು ತಿಂಗಳೂ. ಮಳೆಗಾಲದಲ್ಲಿ ಕೊಳೆರೋಗ ಬಂದು ಎಳೆ ಕಾಯಿ ಉದುರಿದರೆ ಆ ವರ್ಷದ ಲೆಕ್ಕವೇ ಮುಗಿಯಿತು. ಸಾಲ ಕೊಟ್ಟವನ ಕೈಗೆ ಸಿಕ್ಕ ತೋಟ ಮರಳಿ ಬರುವುದು ಅಪರೂಪ. ಈ ಕಷ್ಟವನ್ನು ಹತ್ತಿರದಿಂದ ಕಂಡ ವಕೀಲರು ಪುತ್ತೂರಿನ ಮೊಳಹಳ್ಳಿ ಶಿವರಾಯರು. 1909ರಲ್ಲಿ ಅವರು ಪುತ್ತೂರಿನಲ್ಲಿ ಸಹಕಾರಿ ಬ್ಯಾಂಕು ತೆರೆದರು. ಇಂದು ಮಂಗಳೂರಿನಲ್ಲಿರುವ ದಕ್ಷಿಣ ಕನ್ನಡ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಕೆಲಸ ಶುರುಮಾಡಿದ್ದೂ ಪುತ್ತೂರಿನಲ್ಲೇ. ಜಿಲ್ಲೆ ಅವರನ್ನು ಸಹಕಾರ ಪಿತಾಮಹ ಎಂದು ಕರೆಯುತ್ತದೆ. ಮುಂದೆ ಇಲ್ಲಿ ಆದದ್ದೆಲ್ಲಕ್ಕೂ ಬೀಜ ಬಿದ್ದದ್ದು ಆಗ. ನಾಲ್ಕು ಜನ ಸೇರಿ ಪಾಲು ಹಣ ಹಾಕಿ, ಲೆಕ್ಕ ಇಟ್ಟು, ವರ್ಷಕ್ಕೊಮ್ಮೆ ಮಹಾಸಭೆ ಕರೆದು ಬೈದಾಡಿಕೊಂಡರೂ ಒಟ್ಟಿಗೆ ನಡೆಯುವ ಅಭ್ಯಾಸ ಈ ಮಣ್ಣಿಗೆ ಒಗ್ಗಿತು. ಯಂತ್ರಕ್ಕಿಂತ ಈ ಅಭ್ಯಾಸವೇ ದೊಡ್ಡ ಬಂಡವಾಳ.

ಸಹಕಾರದ ಜತೆಗೆ ವಿದ್ಯೆಯೂ ಬೇರೂರಿತು. ಮುಂದೆ ಪುತ್ತೂರಿನ ಪರ್ಲಡ್ಕದ ಗುಡ್ಡದಲ್ಲಿ ಶಿವರಾಮ ಕಾರಂತರು ಬಾಲವನ ಕಟ್ಟಿಕೊಂಡು ದಶಕಗಳ ಕಾಲ ಇಲ್ಲೇ ಬರೆದರು, ಮುದ್ರಿಸಿದರು, ಮಕ್ಕಳಿಗೆ ಪಾಠ ಮಾಡಿದರು. ಅವರ ಹರ್ಷ ಪ್ರಕಟಣಾಲಯದ ಪುಸ್ತಕಗಳ ಮೇಲೆ ಪುತ್ತೂರಿನ ಹೆಸರಿತ್ತು. 1958ರಲ್ಲಿ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು ಬಂದವು. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರು 1976ರಲ್ಲಿ ನೆಹರು ಸ್ಮಾರಕ ಕಾಲೇಜಿನಿಂದ ಶುರುಮಾಡಿ ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳವರೆಗೂ ಕಟ್ಟಿದರು. ಕಾಡಿನಂಚಿನ ಸಣ್ಣ ಪೇಟೆಯೊಂದು ಹಾಗೆ ವಿದ್ಯಾಕೇಂದ್ರವಾಯಿತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. 1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ನೆಲಕಚ್ಚಿತು. ದಕ್ಷಿಣ ಕನ್ನಡ, ಕಾಸರಗೋಡಿನ ಚಾಲಿ ಅಡಿಕೆ ಹೆಚ್ಚಾಗಿ ಹೋಗುವುದು ಗುಜರಾತ್ ಮತ್ತು ಉತ್ತರ ಭಾರತಕ್ಕೆ. ಅಲ್ಲಿನ ಬೇಡಿಕೆ ಏನು, ದರ ಏನು ಎಂಬುದು ತೋಟದವನಿಗೆ ತಿಳಿಯುವ ಬಗೆಯೇ ಇರಲಿಲ್ಲ. ಮಂಡಿಯಲ್ಲಿ ಹೇಳಿದ್ದೇ ದರ. ಆಗ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು ಊರೂರು ತಿರುಗಿ ಬೆಳೆಗಾರರನ್ನು ಒಟ್ಟುಗೂಡಿಸಿದರು. 1973ರ ಜುಲೈಯಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೊ ನೋಂದಣಿಯಾಯಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರದ್ದು ಅದು; ಗಡಿ ಗೆರೆ ಎಳೆದರೂ ತೋಟ ಒಂದೇ ತಾನೆ. ಭಟ್ಟರೇ ಸ್ಥಾಪಕಾಧ್ಯಕ್ಷರು. ಹಣ ಕೂಡಿಸುವುದಕ್ಕಿಂತ ನಂಬಿಕೆ ಕೂಡಿಸುವುದೇ ಆಗ ಹೆಚ್ಚು ಕಷ್ಟದ ಕೆಲಸವಾಗಿದ್ದಿರಬೇಕು.

ಕ್ಯಾಂಪ್ಕೊ ಮಾಡಿದ್ದು ಕೇಳಲು ಸುಲಭದ ಕೆಲಸ. ಮಾರುಕಟ್ಟೆಯಲ್ಲಿ ತಾನೂ ಒಬ್ಬ ಖರೀದಿದಾರನಾಗಿ ನಿಂತು ದಿನದ ದರವನ್ನು ಬಹಿರಂಗವಾಗಿ ಹೇಳಿತು. ಅದಕ್ಕಿಂತ ಕಡಿಮೆಗೆ ಕೊಳ್ಳುತ್ತೇನೆಂದರೆ ಖಾಸಗಿಯವರಿಗೆ ಅಡಿಕೆ ಸಿಗದು. ಇಂದಿಗೂ ಬೆಳಗ್ಗೆ ಪೇಪರು ತೆರೆದ ತೋಟದವರ ಕಣ್ಣು ಹೊಸತು, ಹಳತು, ಡಬಲ್ ಚೋಲು, ಪಟೋರ, ಕರಿಗೋಟು ಎಂಬ ಅಡಿಕೆಯ ಬಗೆಗಳ ದರಪಟ್ಟಿಗೇ ಮೊದಲು ಹೋಗುವುದು. ಕ್ಯಾಂಪ್ಕೊ ಹುಟ್ಟಿದ ಮರುವರ್ಷ, 1974ರಲ್ಲಿ, ಭೂಸುಧಾರಣೆಯ ಕಾನೂನು ಜಾರಿಗೆ ಬಂದು ಗೇಣಿಗೆ ದುಡಿಯುತ್ತಿದ್ದ ಈ ಜಿಲ್ಲೆಯ ಅಸಂಖ್ಯ ಒಕ್ಕಲುಗಳು ಭೂಮಿಯ ಒಡೆಯರಾದರು. ಹೊಸದಾಗಿ ಒಡೆತನ ಪಡೆದ ಒಂದೆಕರೆ, ಎರಡೆಕರೆಯ ರೈತನಿಗೆ ತನ್ನ ಅಡಿಕೆಯನ್ನು ನ್ಯಾಯದ ತಕ್ಕಡಿಗೆ ಹಾಕಲು ಒಂದು ಜಾಗ ಆಗಲೇ ಸಿದ್ಧವಿತ್ತು. ಈ ಎರಡು ವರ್ಷಗಳು ಬೆನ್ನಿಗೆ ಬೆನ್ನು ಬಂದದ್ದು ಈ ಸೀಮೆಯ ಭಾಗ್ಯ ಎಂದೇ ನಾನು ತಿಳಿದಿದ್ದೇನೆ.

ಆಮೇಲಿನದು ಕೊಕ್ಕೋದ ಕಥೆ. ಅಡಿಕೆ ಮರದ ನೆರಳಿನಲ್ಲಿ ಚೆನ್ನಾಗಿ ಬರುತ್ತದೆ, ಕಂಪನಿಯವರು ಕೊಳ್ಳುತ್ತಾರೆ ಎಂಬ ಭರವಸೆಯಲ್ಲಿ 1970ರ ದಶಕದಲ್ಲಿ ತೋಟ ತೋಟಗಳಲ್ಲಿ ಕೊಕ್ಕೋ ಗಿಡ ನೆಟ್ಟರು. ಗಿಡ ಬೆಳೆದು ಕಾಯಿ ಬಿಟ್ಟು ಕೈಗೆ ಬರುವ ಹೊತ್ತಿಗೆ, ದಶಕದ ಕೊನೆಯಲ್ಲಿ, ಜಾಗತಿಕ ಬೆಲೆ ಕುಸಿಯಿತು. ಖಾಸಗಿ ಕೊಳ್ಳುಗರು ಹಿಂದೆ ಸರಿದರು. ಕೊಕ್ಕೋ ಹಸಿಬೀಜ ಅಡಿಕೆಯಂತೆ ಅಟ್ಟದಲ್ಲಿಟ್ಟು ಕಾಯುವ ಸರಕಲ್ಲ. ಕಾಯಿ ಒಡೆದರೆ ಬಿಳಿ ಲೋಳೆಯ ಬೀಜ ಅಂದೇ ಹುಳಿಯಲು ಹೋಗಬೇಕು. ಮಳೆಗಾಲದಲ್ಲಂತೂ ಒಂದೆರಡು ದಿನದಲ್ಲಿ ಬೂಸಲು. ಬೇಸತ್ತು ಗಿಡಗಳನ್ನು ಕಡಿದೆಸೆದವರೂ ಇದ್ದರು. ಕ್ಯಾಂಪ್ಕೊ ಆಗ ಕೊಕ್ಕೋ ಖರೀದಿಗೆ ಇಳಿಯಿತು. ಕೊಂಡದ್ದನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಉತ್ತರವಾಗಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆ ಎದ್ದಿತು. 1986ರಲ್ಲಿ ಅದನ್ನು ಉದ್ಘಾಟಿಸಿದವರು ಆಗಿನ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್.

ಅದೆಂಥ ಧೈರ್ಯ ಎಂದು ಇಂದು ಯೋಚಿಸಿದರೂ ಬೆರಗಾಗುತ್ತದೆ. ಚಾಕೊಲೇಟನ್ನು ಅಪರೂಪಕ್ಕೆ ತಿಂದ ಹಳ್ಳಿಯ ರೈತರು, ಬಹುರಾಷ್ಟ್ರೀಯ ಕಂಪನಿಗಳೇ ಆಳುವ ಮಾರುಕಟ್ಟೆಗೆ ಸಹಕಾರಿ ಸಂಘದ ಹೆಸರಿನಲ್ಲಿ ಕಾಲಿಟ್ಟರು. ಹುಳಿಸಿದ ಬೀಜವನ್ನು ಒಣಗಿಸಿ, ಹುರಿದು, ಸಿಪ್ಪೆ ತೂರಿ, ಬಿಸಿಯಲ್ಲಿ ಅರೆದರೆ ಗಟ್ಟಿ ಕಂದು ದ್ರವವಾಗುತ್ತದೆ. ಅದನ್ನು ಒತ್ತಿದರೆ ಬೆಣ್ಣೆ ಒಂದು ಕಡೆ, ಹಿಂಡಿ ಇನ್ನೊಂದು ಕಡೆ. ಹಿಂಡಿಯನ್ನು ಪುಡಿ ಮಾಡಿದರೆ ಕೊಕ್ಕೋ ಪೌಡರ್. ಬೆಣ್ಣೆ, ಸಕ್ಕರೆ, ಹಾಲಿನ ಪುಡಿ ಸೇರಿಸಿ ಗಂಟೆಗಟ್ಟಲೆ ತಿರುವಿದರೆ ನಾಲಿಗೆಗೆ ನುಣ್ಣಗೆ ಕರಗುವ ಚಾಕೊಲೇಟ್. ಇಷ್ಟೂ ಕೆಲಸ ಪುತ್ತೂರಿನ ಒಂದೇ ಆವರಣದಲ್ಲಿ ನಡೆಯುತ್ತದೆ. ಕ್ಯಾಂಪ್ಕೊ ಬಾರ್, ಮೆಲ್ಟೊ, ಟರ್ಬೊ, ವಿನ್ನರ್ ಪುಡಿ ಇವೆಲ್ಲ ಈ ಸೀಮೆಯ ಮಕ್ಕಳಿಗೆ ಮನೆಯ ತಿಂಡಿಯಷ್ಟೇ ಸಲಿಗೆಯವು. ನೆಸ್ಲೆಯಂಥ ದೊಡ್ಡ ಕಂಪನಿಗೂ ಇಲ್ಲಿ ಸರಕು ತಯಾರಾಗಿದೆ. ಘಾನಾ, ಐವರಿ ಕೋಸ್ಟ್‌ಗಳಲ್ಲಿ ಬೆಳೆ ಕೈಕೊಟ್ಟು 2024ರಲ್ಲಿ ಜಾಗತಿಕ ಮಾರುಕಟ್ಟೆಯಲ್ಲಿ ಕೊಕ್ಕೋ ಟನ್ನಿಗೆ 10,000 ಡಾಲರ್ ದಾಟಿದಾಗ, ಗಿಡ ಉಳಿಸಿಕೊಂಡಿದ್ದ ಪುತ್ತೂರು, ಸುಳ್ಯದ ರೈತರೂ ಹಿಂದೆಂದೂ ಕಾಣದ ದರ ಕಂಡರು.

ಇಲ್ಲಿ ಕೊಂಚ ದೂರದ ಒಂದು ಊರಿಗೆ ಹೋಗಿಬರಬೇಕು. ಸ್ವೀಡನ್ ದೇಶದ ಎರಡನೆಯ ದೊಡ್ಡ ಸರೋವರ ವೆಟರ್ನ್. ಅದರ ದಕ್ಷಿಣದ ತುದಿಯಲ್ಲಿ ಯೋನ್‌ಶೋಪಿಂಗ್ ಎಂಬ ನಗರವಿದೆ. 1284ರಲ್ಲೇ ರಾಜನ ಸನ್ನದು ಪಡೆದ ಹಳೆಯ ಊರು. 1845ರಲ್ಲಿ ಲುಂಡ್‌ಸ್ಟ್ರೋಮ್ ಸಹೋದರರು ಅಲ್ಲಿ ಬೆಂಕಿಕಡ್ಡಿಯ ಕಾರ್ಖಾನೆ ತೆರೆದರು. ಆ ಕಾಲದ ಕಡ್ಡಿಯ ತುದಿಗೆ ಹಚ್ಚುತ್ತಿದ್ದುದು ಬಿಳಿ ರಂಜಕ. ಅದರ ಹಬೆ ಕುಡಿದ ಕೆಲಸಗಾರರ ದವಡೆಯ ಎಲುಬೇ ಕೊಳೆಯುತ್ತಿತ್ತು. ಸ್ವೀಡನ್ನಿನ ಗುಸ್ತಾಫ್ ಎರಿಕ್ ಪಾಶ್ 1844ರಲ್ಲಿ ಕಂಡುಹಿಡಿದ ಉಪಾಯವನ್ನು ಈ ಸಹೋದರರು ತಿದ್ದಿ ಬೆಳೆಸಿದರು: ಅಪಾಯವಿಲ್ಲದ ಕೆಂಪು ರಂಜಕವನ್ನು ಕಡ್ಡಿಗಲ್ಲ, ಪೆಟ್ಟಿಗೆಯ ಬದಿಗೆ ಹಚ್ಚುವುದು. ನಾವು ಇಂದು ದೇವರ ದೀಪ ಹಚ್ಚಲು ಗೀರುವುದು ಇದೇ ಕಡ್ಡಿಯನ್ನು. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಅದಕ್ಕೆ ಪದಕ ಬಂತು. 1906ರ ಬರ್ನ್ ಒಪ್ಪಂದವು ಬಿಳಿ ರಂಜಕದ ಕಡ್ಡಿಗೆ ನಿಷೇಧ ಹಾಕಿತು. 1923ರಲ್ಲಿ ಭಾರತಕ್ಕೆ ಬಂದ ವಿಮ್ಕೊ ಕಂಪನಿ ಸ್ವೀಡನ್ನಿನ ಈ ಬೆಂಕಿಪೆಟ್ಟಿಗೆ ಸಾಮ್ರಾಜ್ಯದ್ದೇ ಕೊಂಬೆ. ಯೋನ್‌ಶೋಪಿಂಗ್‌ನಲ್ಲಿ ಕಡ್ಡಿಯ ತಯಾರಿ 1971ರಲ್ಲಿ ನಿಂತಿತು. ಹಳೆಯ ಕಾರ್ಖಾನೆಯಲ್ಲಿ ಈಗ ಬೆಂಕಿಕಡ್ಡಿಯ ವಸ್ತುಸಂಗ್ರಹಾಲಯವಿದೆ. ಊರು ಮಾತ್ರ ನಿಲ್ಲಲಿಲ್ಲ. ಅದೇ ವರ್ಷ ಯೋನ್‌ಶೋಪಿಂಗ್ ಆಡಳಿತಕ್ಕೆ ಸೇರಿದ ಪಕ್ಕದ ಹುಸ್ಕ್‌ವಾರ್ನದಲ್ಲಿ, 1689ರಲ್ಲಿ ಕೋವಿ ಮಾಡಲು ಶುರುವಾದ ಕಾರ್ಖಾನೆ 1872ರಿಂದ ಹೊಲಿಗೆ ಯಂತ್ರ, ಆಮೇಲೆ ಸೈಕಲ್ಲು, 1903ರಿಂದ ಮೋಟಾರ್ ಸೈಕಲ್, 1959ರಿಂದ ಮರ ಕೊಯ್ಯುವ ಗರಗಸ ಹೀಗೆ ಹೊಸ ಹೊಸ ಕೆಲಸ ಕಲಿಯುತ್ತ ಬಂತು. ನಮ್ಮ ತೋಟಗಳಲ್ಲಿ ಕಳೆ ಕೊಚ್ಚುವ ಮೆಷಿನ್‌ಗಳ ಮೇಲೆ ಅದೇ ಊರಿನ ಹೆಸರನ್ನು ಓದಬಹುದು.

ಈ ಊರನ್ನು ನೆನೆದದ್ದಕ್ಕೆ ಕಾರಣ ಆ ದವಡೆ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಅಡಿಕೆಯನ್ನು, ತಂಬಾಕು ಸೇರದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಸದಾ ಅಡಿಕೆ ಜಗಿಯುವವರ ಬಾಯೊಳಗಿನ ಚರ್ಮ ಬಿಗಿದು, ಬಾಯಿ ತೆರೆಯಲೂ ಆಗದಂತಾಗುವ ಕಾಯಿಲೆಯನ್ನು ದಂತವೈದ್ಯರು ದಿನವೂ ನೋಡುತ್ತಾರೆ. ಬೆಳೆಗಾರರ ಸಂಘಗಳು ಈ ತೀರ್ಮಾನವನ್ನು ಒಪ್ಪಿಲ್ಲ. ಹಾನಿ ಗುಟ್ಕಾದಿಂದ, ತಂಬಾಕಿನಿಂದ. ಎಲೆ ಸುಣ್ಣದ ಜತೆ ಮಿತವಾಗಿ ತಿಂದ ನಮ್ಮ ಹಿರಿಯರಿಗೆ ಏನೂ ಆಗಿಲ್ಲ ಎಂಬುದು ಅವರ ವಾದ. ಶುಭಕಾರ್ಯಕ್ಕೆ ವೀಳ್ಯವಿಲ್ಲದೆ ಆಗದ ನಾಡಿನಲ್ಲಿ ಆ ನೋವು ನನಗೆ ಅರ್ಥವಾಗುತ್ತದೆ. ಆದರೆ ವಾದದಲ್ಲೇ ಕಾಲ ಕಳೆಯುವುದು ನಮಗೆ ಹಿತವಲ್ಲ. ತನ್ನ ಸರಕಿನಿಂದ ಆಗುವ ಹಾನಿಯನ್ನು ನೇರವಾಗಿ ನೋಡಿ, ತಿದ್ದಿಕೊಂಡು, ಜತೆಜತೆಗೆ ಬೇರೆ ಕೆಲಸವನ್ನೂ ಕಲಿತ ಊರು ಉಳಿದಿದೆ. ಪುತ್ತೂರಿಗೂ ಅದು ಸಾಧ್ಯ. 1986ರಲ್ಲಿ ಅದು ಒಮ್ಮೆ ಮಾಡಿ ತೋರಿಸಿದೆ.

ಹೊರಗಿನ ಒತ್ತಡ ಇಷ್ಟೇ ಅಲ್ಲ. ವಿದೇಶದ ಅಗ್ಗದ ಅಡಿಕೆ ಒಳನುಗ್ಗದಂತೆ ಕೇಂದ್ರ ಸರ್ಕಾರ 2023ರಲ್ಲಿ ಆಮದಿನ ಕನಿಷ್ಠ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಬೆಲೆ ಇಂಥ ಬೇಲಿಗಳನ್ನು ನಂಬಿ ನಿಂತಿದೆ ಎಂಬುದನ್ನು ಮರೆಯಬಾರದು.

ಎಲ್ಲಕ್ಕಿಂತ ಹೆಚ್ಚಿನ ಸಂಕಟ ಸುಳ್ಯದ್ದು. ಸಂಪಾಜೆ, ಅರಂತೋಡು, ಮರ್ಕಂಜದ ಕಡೆಯ ತೋಟಗಳಿಗೆ ದಶಕಗಳಿಂದ ಹಳದಿ ಎಲೆ ರೋಗ ಅಂಟಿದೆ. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಮರದ ನಾಳ ಹೊಕ್ಕರೆ ಸೋಗೆಯ ತುದಿಯಿಂದ ಹಳದಿ ಹಬ್ಬುತ್ತದೆ. ಕಾಯಿಯೊಳಗೆ ಕಪ್ಪಾಗುತ್ತದೆ. ವರ್ಷ ವರ್ಷ ಇಳುವರಿ ಇಳಿದು ಮರ ಬರಡಾಗುತ್ತದೆ. ಕೇರಳದಲ್ಲಿ 1914ರಲ್ಲೇ ಗುರುತಿಸಿದ ಈ ರೋಗಕ್ಕೆ ಇಂದಿಗೂ ಮದ್ದಿಲ್ಲ. ಕೊಳೆರೋಗಕ್ಕಾದರೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣವಿದೆ. ಹಳದಿ ರೋಗಕ್ಕೆ ಹೊಡೆಯಲು ಯಾವ ದ್ರಾವಣವೂ ಇಲ್ಲ. ಇದರ ಮೇಲೆ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ. ವಿಟ್ಲದಲ್ಲಿ 1956ರಿಂದ ಅಡಿಕೆಯ ಸಂಶೋಧನಾ ಕೇಂದ್ರವಿದೆ. ಮಂಗಳ, ಮೋಹಿತ್‌ನಗರದಂಥ ತಳಿಗಳು ನಮ್ಮ ತೋಟ ಸೇರಿದ್ದು ಅದರ ಶ್ರಮದಿಂದ. ರೋಗಪೀಡಿತ ತೋಟದಲ್ಲೂ ಹಸಿರಾಗಿ ನಿಂತ ಮರಗಳನ್ನು ಹುಡುಕಿ, ಅವುಗಳಿಂದ ತಾಳಿಕೊಳ್ಳುವ ತಳಿ ಬೆಳೆಸುವ ಕೆಲಸ ನಡೆದಿದೆ. ಅದು ಸಂಪಾಜೆಯ ರೈತನ ಗುಂಡಿಗೆ ಸಸಿಯಾಗಿ ಬೀಳಲು ಇನ್ನೂ ವರ್ಷಗಳು ಬೇಕು. ಆವರೆಗೆ ಅವನು ಏನು ತಿನ್ನಬೇಕು?

ಅಡಿಕೆಯಿಲ್ಲದೆಯೂ ಬದುಕು ಕಟ್ಟಿದವರ ಉದಾಹರಣೆ ಈ ತಾಲ್ಲೂಕುಗಳಲ್ಲೇ ಇದೆ. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದಂತೆ ಶ್ರೀಲಂಕಾದ ಚಹಾತೋಟಗಳಿಂದ ಭಾರತಕ್ಕೆ ಮರಳಿದ ತಮಿಳು ಕುಟುಂಬಗಳಲ್ಲಿ ಹಲವನ್ನು ಸುಳ್ಯ, ಪುತ್ತೂರು ಮತ್ತು ಈಗ ಕಡಬಕ್ಕೆ ಸೇರಿರುವ ಐತ್ತೂರಿನ ಸುತ್ತಮುತ್ತ ನೆಲೆಗೊಳಿಸಿದರು. ಅವರ ದುಡಿಮೆಗಾಗಿಯೇ ಸರ್ಕಾರ ರಬ್ಬರ್ ತೋಟ ಎಬ್ಬಿಸಿತು. ಇಂದು ಅದು ಅರಣ್ಯ ಅಭಿವೃದ್ಧಿ ನಿಗಮದ ಕೈಯಲ್ಲಿದೆ. ನಸುಕಿನಲ್ಲಿ ತಲೆಗೆ ದೀಪ ಕಟ್ಟಿಕೊಂಡು ಹಾಲು ಇಳಿಸುವ ಈ ಜನರ ಮೂರನೆಯ ತಲೆಮಾರು ತುಳು, ಕನ್ನಡ ಎರಡನ್ನೂ ತನ್ನದಾಗಿಸಿಕೊಂಡಿದೆ. ಕಡಬ, ನೆಲ್ಯಾಡಿ, ಶಿರಾಡಿಯ ಗುಡ್ಡಗಳಿಗೆ ಕೇರಳದಿಂದ ಬಂದ ಕ್ರೈಸ್ತ ಕೃಷಿಕರೂ ರಬ್ಬರನ್ನೇ ನಂಬಿ ನೆಲೆಯೂರಿದರು. ಪುತ್ತೂರಿನ ಮೊಟ್ಟೆತಡ್ಕದಲ್ಲಿ 1986ರಿಂದ ಗೇರು ಸಂಶೋಧನಾ ಕೇಂದ್ರವಿದೆ. ಪೋರ್ಚುಗೀಸರು ತಂದ ಗೇರು ನಮ್ಮ ಒಣಗುಡ್ಡಕ್ಕೆ ಹೇಳಿ ಮಾಡಿಸಿದ ಮರ. ನೀರು ಬೇಡ, ಆರೈಕೆ ಕಡಿಮೆ.

ಕೈಗಾರಿಕೆಯ ಇನ್ನೊಂದು ಮುಖ ಈಗ ತೋಟದ ಒಳಗೇ ಬೆಳೆಯುತ್ತಿದೆ. ಮರ ಹತ್ತುವವರು ಸಿಗುತ್ತಿಲ್ಲ. ಹತ್ತುವ ಕೆಲಸದಲ್ಲಿ ಬಿದ್ದು ಸತ್ತವರ, ನಡು ಮುರಿದುಕೊಂಡವರ ಮನೆಗಳು ಪ್ರತಿ ಗ್ರಾಮದಲ್ಲೂ ಇವೆ. ಹಾಗಾಗಿ ನೆಲದಲ್ಲೇ ನಿಂತು ಗೊನೆ ಕೊಯ್ಯುವ, ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿ ಕೆಲವೇ ವರ್ಷಗಳಲ್ಲಿ ಮನೆಮಾತಾಯಿತು. ಅದನ್ನು ಬಳಸಲು ಯುವಕರಿಗೆ ತರಬೇತಿ ಕೊಟ್ಟು ತಂಡ ಕಟ್ಟುವ ಕೆಲಸವೂ ನಡೆದಿದೆ. ಬಂಟ್ವಾಳದ ಕೃಷಿಕರೊಬ್ಬರು ಮರ ಹತ್ತುವ ಬೈಕನ್ನೇ ಮಾಡಿದರು. ಸುಲಿಯುವ ಯಂತ್ರಗಳು ಪುತ್ತೂರಿನ ಯಂತ್ರಮೇಳಗಳಲ್ಲಿ ಒಂದಕ್ಕೊಂದು ಪೈಪೋಟಿಗೆ ನಿಲ್ಲುತ್ತವೆ. ಉದುರಿದ ಅಡಿಕೆ ಹಾಳೆ ತಟ್ಟೆಯಾಗಿ ಹಡಗು ಹತ್ತುತ್ತದೆ. 1988ರಿಂದ ಪುತ್ತೂರಿನಲ್ಲಿ ಹೊರಬರುತ್ತಿರುವ 'ಅಡಿಕೆ ಪತ್ರಿಕೆ' ಇಂಥ ಅನುಭವಗಳನ್ನು ಕೃಷಿಕರ ಕೈಯಲ್ಲೇ ಬರೆಸಿ ಹಂಚುತ್ತಿದೆ. ಸಂಪಾದಕ ಶ್ರೀಪಡ್ರೆಯವರು ಅದರ ಮೂಲಕ ಹಲಸನ್ನೂ ನೀರನ್ನೂ ನಾಡಿನ ಚರ್ಚೆಗೆ ತಂದರು. ಒಂದು ಬೆಳೆಯ ಹೆಸರಿನ ಪತ್ರಿಕೆ ಇಡೀ ಕೃಷಿಬದುಕಿನ ಪತ್ರಿಕೆಯಾಗಿ ಬೆಳೆದದ್ದು ಈ ಊರಿನ ಗುಣವನ್ನೇ ಹೇಳುತ್ತದೆ.

ಆದರೆ ಇವೆಲ್ಲ ಬಿಡಿಬಿಡಿಯಾಗಿವೆ. ದೋಟಿ ಹೊರಗಿನಿಂದ ಬರುತ್ತದೆ. ಇಲ್ಲಿಯೇ ಮಾಡುವ ಕಾರ್ಖಾನೆ ಏಕಿಲ್ಲ? ಪುತ್ತೂರು, ಸುಳ್ಯ ಎರಡರಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಕಲಿತ ಮಕ್ಕಳು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಗೇರುಹಣ್ಣು ಗುಡ್ಡದಲ್ಲೇ ಕೊಳೆಯುತ್ತದೆ. ಹಲಸು ತೊಟ್ಟು ಕಳಚಿ ಬಿದ್ದು ಹೋಗುತ್ತದೆ. ಕಾರ್ಖಾನೆಗೆ ಬೇಕಾದಷ್ಟು ಕೊಕ್ಕೋ ನಮ್ಮ ತೋಟಗಳಲ್ಲಿ ಬೆಳೆಯುತ್ತಿಲ್ಲ; ಮಂಗ, ಅಳಿಲು, ಮಳೆಗಾಲದ ಕಾಯಿಕೊಳೆ ಎಂದು ಕೈಬಿಟ್ಟವರೇ ಹೆಚ್ಚು. ಹಳದಿ ರೋಗದಿಂದ ಬರಡಾದ ಸುಳ್ಯದ ತೋಟಗಳಿಗೆ ಯಾವ ಬೆಳೆ ಹೊಂದುತ್ತದೆ, ಅದನ್ನು ಕೊಳ್ಳುವವರು ಯಾರು, ಯಾವ ದರಕ್ಕೆ ಎಂಬ ಭರವಸೆ ಮೊದಲೇ ಸಿಕ್ಕದೆ ಯಾವ ರೈತನೂ ಹೊಸ ಸಸಿ ನೆಡುವ ಧೈರ್ಯ ಮಾಡುವುದಿಲ್ಲ. ಆ ಭರವಸೆ ಕೊಡುವ ಶಕ್ತಿ ಇರುವುದು ಸಹಕಾರಿ ಸಂಸ್ಥೆಗಳಿಗೇ. 1980ರ ಹೊತ್ತಿಗೆ ಕೊಕ್ಕೋ ಬೆಳೆಗಾರನಿಗೆ ಕೊಟ್ಟ ಮಾತನ್ನು ಇಂದು ಸಂಪಾಜೆಯವನಿಗೆ ಕೊಡಬೇಕು. ಮುಂದಿನ ಕಾರ್ಖಾನೆ ಪುತ್ತೂರಿನಲ್ಲಲ್ಲ, ಸುಳ್ಯದಲ್ಲೋ ಕಡಬದಲ್ಲೋ ಏಳಬೇಕು.

ಈ ಸಂಸ್ಥೆಗಳ ಒಡೆಯರು ನಾವೇ. ಪಾಲುಪತ್ರ ನಿಮ್ಮ ಮನೆಯ ಕಪಾಟಿನಲ್ಲೂ ಇರಬಹುದು. ಮಹಾಸಭೆಯ ನೋಟೀಸು ಬಂದಾಗ ಡಿವಿಡೆಂಡು ಎಷ್ಟು ಎಂದು ನೋಡಿ ಮಡಚಿಡಬೇಡಿ. ಸಭೆಗೆ ಹೋಗಿ, ಸುಳ್ಯದ ಹಳದಿ ತೋಟಗಳಿಗೆ ಸಂಘದ ಯೋಜನೆಯೇನು ಎಂದು ಎದ್ದು ನಿಂತು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ಬನ್ನಿ.